ರಸ್ತೆ ತಡೆದರೆ ಶಾಂತಿ ಬರುತ್ತದಾ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಫೋನಿನಲ್ಲಿ ಈ ವಿಷಯ ಎತ್ತಿದರೆ ಇಬ್ಬರೂ ದನಿ ಏರಿಸುತ್ತೇವೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

2024ರ ಏಪ್ರಿಲ್ 15ರಂದು, ಗಾಜಾದ ಯುದ್ಧ ನಿಲ್ಲಲಿ ಅಂತ ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಮೇಲೆ ಕಾರು ಅಡ್ಡ ನಿಲ್ಲಿಸಿ, ಸರಪಳಿ ಬಿಗಿದುಕೊಂಡು ಕೂತವರ ಮೇಲೆ ನಿನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಗಂಟೆಗಟ್ಟಲೆ ಸಿಕ್ಕಿಕೊಂಡವನು ನೀನು, ಸಿಟ್ಟು ಬರದೆ ಇರುತ್ತದಾ? ‘ಇದರಿಂದ ಗಾಜಾದ ಒಂದು ಮಗುವಿಗಾದರೂ ಒಂದು ತುತ್ತು ಸಿಕ್ಕಿತಾ?’ ಅಂತ ಕೇಳಿದ್ದೀಯ. ಆಮೇಲೆ, ‘ಶಾಂತಿ ಬೇಕು ಅನ್ನುವವರು ಮೊದಲು ತಾವು ಶಾಂತವಾಗಿರಬೇಕು’ ಅಂತಲೂ ಬರೆದಿದ್ದೀಯ. ನಿನ್ನ ಮೊದಲ ಪ್ರಶ್ನೆ ನ್ಯಾಯವಾದದ್ದು. ಎರಡನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಅವರ ಕಡೆಯ ಮಾತು ಮೊದಲು ಹೇಳಿಬಿಡುತ್ತೇನೆ. ಏಪ್ರಿಲ್ 15 ಅಂದರೆ ನಿಮ್ಮಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕೊನೆಯ ದಿನ. ಆ ದಿನವನ್ನು ಅವರು ಸುಮ್ನೆ ಆರಿಸಿಕೊಂಡಿರಲಿಲ್ಲ. 2016ರಲ್ಲಿ ಆದ ಒಪ್ಪಂದದ ಪ್ರಕಾರ ಅಮೆರಿಕ ಇಸ್ರೇಲಿಗೆ ವರ್ಷಕ್ಕೆ 380 ಕೋಟಿ ಡಾಲರ್ ಮಿಲಿಟರಿ ನೆರವು ಕೊಡುತ್ತದೆ. ನೀನು ಕಟ್ಟುವ ತೆರಿಗೆಯ ಪಾಲೂ ಅದರಲ್ಲಿ ಇದೆ. ನನ್ನ ದುಡ್ಡಿನಲ್ಲಿ ಬಾಂಬು ಬೀಳುತ್ತಿದೆ ಅಂತ ಒಬ್ಬರಿಗೆ ಕಸಿವಿಸಿಯಾದರೆ, ಬಾಯಿ ಮುಚ್ಚಿಕೊಂಡಿರು ಅಂತ ನಾನು ಹೇಗೆ ಹೇಳಲಿ? ಆದರೆ ಆಯುಧ ಕಳಿಸುವ ಕಾಗದಕ್ಕೆ ಸಹಿ ಹಾಕುವವರು ಬೆಳಿಗ್ಗೆ ಆ ಸೇತುವೆ ದಾಟಿ ಕೆಲಸಕ್ಕೆ ಹೋಗುವವರಲ್ಲ. ಅಲ್ಲಿ ಸಿಕ್ಕಿಕೊಂಡವರಲ್ಲಿ ಆಸ್ಪತ್ರೆಗೆ ಹೊರಟವರು ಇದ್ದಿರಬಹುದು. ಒಂದು ದಿನದ ಕೆಲಸ ತಪ್ಪಿದರೆ ಮನೆ ಬಾಡಿಗೆಗೆ ತತ್ವಾರ ಪಡುವವರೂ ಇದ್ದಿರಬಹುದು. ಕೂತವರ ಸಂಕಟ ನಿಜ. ಕೂತ ಜಾಗ ಸರಿಯಿರಲಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಸರಿಯಾದ ಜಾಗದಲ್ಲಿ ಹೋಗಿ ಅಡ್ಡ ನಿಂತವರ ಕಥೆಗಳು ಇಸ್ರೇಲ್-ಪ್ಯಾಲೆಸ್ಟೀನಿನ ನೆಲದಲ್ಲೇ ಇವೆ. ಅವು ನಿನ್ನವರೆಗೆ ಬಂದಿಲ್ಲ ಅಷ್ಟೇ.

ಬುದ್ರುಸ್ ಅನ್ನುವ ಹಳ್ಳಿಯ ವಿಷಯ ಹೇಳುತ್ತೇನೆ ಕೇಳು. ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿನ ಅಂಚಿನಲ್ಲಿರುವ ಪ್ಯಾಲೆಸ್ಟೀನಿಯರ ಊರು. ಜನಸಂಖ್ಯೆ ಸಾವಿರದೈನೂರರ ಆಸುಪಾಸು. ಬದುಕು ಆಲಿವ್ ಮರಗಳ ಮೇಲೆ. 2003ರಲ್ಲಿ ಇಸ್ರೇಲ್ ಕಟ್ಟುತ್ತಿದ್ದ ತಡೆಗೋಡೆ ಈ ಊರಿನ ತೋಟಗಳನ್ನು ಸೀಳಿಕೊಂಡು ಹೋಗುವುದಿತ್ತು. ಸುಮಾರು 300 ಎಕರೆ ಜಮೀನು, 3,000 ಆಲಿವ್ ಮರ ಕೈತಪ್ಪಿ ಹೋಗುತ್ತಿದ್ದವು. ಇಸ್ರೇಲಿಗೆ ಗೋಡೆ ಬೇಕು ಅನ್ನಿಸಲು ಕಾರಣವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡನೇ ಇಂತಿಫಾದಾದ, ಅಂದರೆ ಇಸ್ರೇಲಿನ ವಿರುದ್ಧ ಪ್ಯಾಲೆಸ್ಟೀನಿಯರು ಎರಡನೇ ಸಲ ದಂಗೆಯೆದ್ದ ದಿನಗಳವು. ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಮಾನವ ಬಾಂಬುಗಳು ಸಿಡಿಯುತ್ತಿದ್ದವು. ಆದರೆ ಗೋಡೆಯನ್ನು ಗಡಿಯ ಮೇಲೆ ಕಟ್ಟದೆ ಪಕ್ಕದವರ ತೋಟದೊಳಗೆ ಕಟ್ಟುವುದಕ್ಕೆ ಆ ಕಾರಣ ಸಾಲದು.

ಊರಿನ ಆಯದ್ ಮೊರಾರ್ ಇಸ್ರೇಲಿನ ಜೈಲುಗಳಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಒಬ್ಬರಿಗೊಬ್ಬರು ಎದುರಾಳಿಗಳಾದ ಪ್ಯಾಲೆಸ್ಟೀನಿ ಸಂಘಟನೆಗಳು ಫತಾ ಮತ್ತು ಹಮಾಸ್; ಆ ಎರಡರವರನ್ನೂ ಅವರು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಅಲ್ಲಿಯ ರಾಜಕೀಯದಲ್ಲಿ ಇದು ಸಣ್ಣ ಕೆಲಸವಲ್ಲ. ಅವರ ಮಗಳು ಇಲ್ತೆಜಾಮ್‌ಗೆ ಆಗ 15 ವರ್ಷ. ಗಂಡಸರೇ ಯಾಕೆ ಹೋಗಬೇಕು ಅಂತ ಊರಿನ ಹೆಂಗಸರನ್ನೂ ಹೊರಡಿಸಿದಳು. ಬುಲ್ಡೋಜರ್ ಮರಗಳನ್ನು ಬೇರು ಸಮೇತ ಕೀಳುತ್ತಾ ಬರುತ್ತಿತ್ತು. ಅದು ತೋಡುತ್ತಿದ್ದ ಗುಂಡಿಯೊಳಗೆ, ಅದರ ಎದುರಿಗೇ, ಆ ಹುಡುಗಿ ಜಿಗಿದಳು. ಯಂತ್ರ ನಿಂತಿತು. ಆಮೇಲೆ ಹಿಂದಕ್ಕೆ ಸರಿಯಿತು.

ಇದು ಒಂದು ದಿನದ ಸಾಹಸ ಆಗಿ ಮುಗಿಯಲಿಲ್ಲ. ಹತ್ತು ತಿಂಗಳಲ್ಲಿ 55 ಮೆರವಣಿಗೆ ತೆಗೆದರು. ಲಾಠಿ ತಿಂದರು, ಅಶ್ರುವಾಯು ಕುಡಿದರು, ಕರ್ಫ್ಯೂ ಕಂಡರು. ಕೆಲವು ದಿನ ಹುಡುಗರು ಕಲ್ಲೂ ಎಸೆದರು. ಹಿರಿಯರು ತಡೆಯಲು ಹೆಣಗಾಡಿದರು. ಇಸ್ರೇಲಿನಿಂದ ಯೆಹೂದಿಗಳೂ ಬಂದು ಪಕ್ಕದಲ್ಲಿ ನಿಂತರು. ಸೈನಿಕರನ್ನು ಬಿಟ್ಟರೆ ಬೇರೆ ಯೆಹೂದಿಯನ್ನು ಕಂಡೇ ಇರದ ಎಷ್ಟೋ ಮಕ್ಕಳು ಅವತ್ತು ಅವರ ಪಕ್ಕ ಕೂತು ನೀರು ಹಂಚಿಕೊಂಡಿರಬೇಕು ಅಂತ ನಾನು ಊಹಿಸಿಕೊಳ್ಳುತ್ತೇನೆ. ಕೊನೆಗೆ ಸರ್ಕಾರ ಗೋಡೆಯ ದಾರಿಯನ್ನೇ ಗಡಿಯ ಕಡೆಗೆ ಸರಿಸಿತು. ಊರಿನ ಬಹುಪಾಲು ಜಮೀನು ಉಳಿಯಿತು.

ಈಗ ಹೇಳು, ಬುದ್ರುಸಿನವರು ಶಾಂತವಾಗಿದ್ದರಾ? ಇಲ್ಲ. ಕೆಲಸ ನಿಲ್ಲಿಸಿದರು, ಯಂತ್ರ ತಡೆದರು, ಸೇನೆಯ ಆಜ್ಞೆ ಮೀರಿದರು. ಅವರು ತೆಪ್ಪಗೆ ಅರ್ಜಿ ಬರೆದುಕೊಂಡು ಕೂತಿದ್ದರೆ ಆ ಮರಗಳು ಇವತ್ತು ಇರುತ್ತಿರಲಿಲ್ಲ. ಅವರು ತಡೆದದ್ದು ತಮ್ಮ ತೋಟ ಕೀಳುತ್ತಿದ್ದ ಯಂತ್ರವನ್ನು. ದಾರಿಹೋಕರನ್ನಲ್ಲ. ನಾಳೆ ಆಚೆ ಕಡೆಯವರ ಜೊತೆ ಕೂತು ಮಾತಾಡುವ ಬಾಗಿಲನ್ನೂ ಮುಚ್ಚಲಿಲ್ಲ. ನಾನು ಯಾವ ಪ್ರತಿಭಟನೆಯನ್ನು ನೋಡಿದರೂ ಈ ಎರಡನ್ನೇ ಹುಡುಕುತ್ತೇನೆ.

ಅಡ್ಡ ನಿಲ್ಲುವುದು ಶಾಂತಿ ಬಯಸುವವರ ಸ್ವತ್ತೇನೂ ಅಲ್ಲ. ಇಸ್ರೇಲಿಗೂ ಪ್ಯಾಲೆಸ್ಟೀನಿಯರಿಗೂ ನಡುವೆ ಆದ ಓಸ್ಲೋ ಶಾಂತಿ ಒಪ್ಪಂದ ಬೇಡ ಅಂತ 1995ರ ಆಗಸ್ಟಿನಲ್ಲಿ ‘ಜೋ ಆರ್ತ್ಸೇನು’ ಅನ್ನುವ ಬಲಪಂಥೀಯ ಗುಂಪು ಇಸ್ರೇಲಿನ ಹತ್ತಾರು ಜಂಕ್ಷನ್‌ಗಳಲ್ಲಿ ರಸ್ತೆ ತಡೆದಿತ್ತು. ಈಚಿನದು ಇನ್ನೂ ಕ್ರೂರ. 2024ರ ಮೇ ತಿಂಗಳಲ್ಲಿ ಹೆಬ್ರಾನ್ ಹತ್ತಿರದ ತರ್ಕೂಮಿಯಾ ಚೆಕ್‌ಪೋಸ್ಟಿನಲ್ಲಿ ಗಾಜಾಕ್ಕೆ ಹೊರಟ ಆಹಾರದ ಲಾರಿಗಳನ್ನು ಇಸ್ರೇಲಿ ಬಲಪಂಥೀಯರು ಅಡ್ಡಗಟ್ಟಿದರು. ಲಾರಿ ಹತ್ತಿ ಪೆಟ್ಟಿಗೆಗಳನ್ನು ಕೆಳಗೆ ಎಸೆದರು. ಮೂಟೆಗಳನ್ನು ಹರಿದರು. ಹಸಿದವರಿಗೆ ಹೊರಟ ಕಾಳು, ಹಿಟ್ಟು ರಸ್ತೆಯ ಮೇಲೆ ಚೆಲ್ಲಿತ್ತು. ಆ ವಿಡಿಯೋ ನೋಡಿ ನನಗೆ ಊಟ ಸೇರಲಿಲ್ಲ. ಇಂಥ ತಡೆಗಳ ಹಿಂದಿದ್ದ ‘ತ್ಸಾವ್ 9’ ಗುಂಪಿನ ಮೇಲೆ ಜೂನ್‌ನಲ್ಲಿ ಅಮೆರಿಕವೇ ನಿರ್ಬಂಧ ಹೇರಿತು. ಮುಂದೆ ಟ್ರಂಪ್ ಬಂದ ಮೇಲೆ ಅದನ್ನು ತೆಗೆದದ್ದೂ ಆಯಿತು.

ಆದರೆ ಅದೇ ತರ್ಕೂಮಿಯಾಕ್ಕೆ ಇನ್ನೊಂದು ಗುಂಪೂ ಬಂತು. ‘ಸ್ಟ್ಯಾಂಡಿಂಗ್ ಟುಗೆದರ್’ ಅನ್ನುವ ಸಂಘಟನೆ ಇದೆ. 2015ರಲ್ಲಿ ಶುರುವಾದದ್ದು. ಇಸ್ರೇಲಿನ ಯೆಹೂದಿಗಳೂ ಅಲ್ಲಿಯ ಪ್ಯಾಲೆಸ್ಟೀನಿ ನಾಗರಿಕರೂ ಒಟ್ಟಿಗೆ ನಡೆಸುವುದು. ಆಲೊನ್-ಲೀ ಗ್ರೀನ್ ಮತ್ತು ರೂಲಾ ದಾವೂದ್ ಆಗ ಅದರ ಮುಂದಾಳುಗಳು. ನೇರಳೆ ಬಣ್ಣದ ಅಂಗಿ ತೊಟ್ಟ ಅವರ ಸ್ವಯಂಸೇವಕರು ದೂರದ ಊರುಗಳಿಂದ ಬಂದು ಲಾರಿಗಳಿಗೂ ದಾಳಿಕೋರರಿಗೂ ನಡುವೆ ನಿಂತರು. ನೆಲಕ್ಕೆ ಬಿದ್ದ ಆಹಾರದ ಪೊಟ್ಟಣಗಳನ್ನು ಆರಿಸಿ ಮತ್ತೆ ಲಾರಿಗೆ ಹಾಕಿದರು. ಅವರು ಸಾಲಾಗಿ ನಿಂತ ಮೇಲೆ ಪೊಲೀಸರೂ ದಾಳಿಕೋರರನ್ನು ದೂರ ಇಡಲೇಬೇಕಾಯಿತು. ಲಾರಿಗಳು ಮುಂದೆ ಹೋದವು. ನೀನು ಕೇಳಿದೆಯಲ್ಲ, ಒಂದು ತುತ್ತು ಸಿಕ್ಕಿತಾ ಅಂತ? ಇಲ್ಲಿ ಸಿಕ್ಕಿತು ಕಣೋ.

ನನಗೆ ನೋವಾಗುವುದು ಏನು ಗೊತ್ತಾ? ಅದೇ ವರ್ಷ ಜನವರಿಯಲ್ಲಿ, ಇಸ್ರೇಲ್ ಬಹಿಷ್ಕಾರ ಚಳವಳಿಯ ಒಂದು ಮುಖ್ಯ ಸಮಿತಿ ಈ ಸಂಘಟನೆಯನ್ನೂ ದೂರ ಇಡಿ ಅಂತ ಕರೆ ಕೊಟ್ಟಿತ್ತು. ಇವರು ಎಲ್ಲ ಸರಿಯಿದೆ ಅನ್ನುವ ಭ್ರಮೆ ಹುಟ್ಟಿಸುತ್ತಾರೆ ಅನ್ನುವುದು ಅವರ ಆಕ್ಷೇಪ. ದಶಕಗಳಿಂದ ಮಾತುಕತೆಯ ಹೆಸರಲ್ಲಿ ಮೋಸ ಹೋದವರಿಗೆ ಆ ಅನುಮಾನ ಬರುವುದು ನನಗೆ ಅರ್ಥವಾಗುತ್ತದೆ. ಆದರೂ ಆ ಸಮಿತಿ ಮಾಡಿದ್ದು ತಪ್ಪು. ಜೊತೆಗೆ ನಿಲ್ಲಲು ಬಂದವರನ್ನೇ ಅಟ್ಟಿದರೆ ಉಳಿಯುವವರು ಯಾರು?

‘ಪ್ಯಾಲೆಸ್ಟೀನಿಯರಲ್ಲಿ ಒಬ್ಬ ಗಾಂಧಿ ಯಾಕೆ ಹುಟ್ಟಲಿಲ್ಲ’ ಅಂತ ನೀನು ಕೇಳಿದ್ದೀಯ. ಈ ಪ್ರಶ್ನೆ ಜಾಸ್ತಿ ಜನ ಕೇಳುತ್ತಾರೆ. ಬೆತ್ಲೆಹೆಮ್ ಪಕ್ಕದ ಬೈತ್ ಸಾಹೂರ್ ಅನ್ನುವ ಊರಿನವರು ಮೊದಲ ಇಂತಿಫಾದಾದಲ್ಲಿ ಮಾಡಿದ್ದು ಅಪ್ಪಟ ಅಸಹಕಾರ. ಇಸ್ರೇಲಿನ ಹಾಲು ಕೊಳ್ಳುವುದು ಬೇಡ ಅಂತ ಇಸ್ರೇಲಿನ ಒಂದು ಕಿಬುಟ್ಜ್‌ನಿಂದಲೇ (ಎಲ್ಲರೂ ಸೇರಿ ದುಡಿಯುವ ಸಾಮೂಹಿಕ ಹಳ್ಳಿ) 18 ಹಸು ಕೊಂಡು ತಂದರು. ಹಸು ಸಾಕಿ ಅಭ್ಯಾಸ ಇಲ್ಲದ ಪೇಟೆಯ ಜನ ಹಾಲು ಕರೆಯುವುದು ಕಲಿತರು. ಸೇನೆಯವರು ಬಂದು ಒಂದೊಂದು ಹಸುವಿನ ಫೋಟೋ ತೆಗೆದುಕೊಂಡು ಹೋದರು. ಇವು ದೇಶದ ಭದ್ರತೆಗೆ ಅಪಾಯ ಅಂದರು. ಊರಿನವರು ಹಸುಗಳನ್ನು ಬಚ್ಚಿಟ್ಟು, ಬೆಳಕು ಹರಿಯುವ ಮುಂಚೆ ಮನೆಮನೆಗೆ ಹಾಲು ಮುಟ್ಟಿಸಿದರು. 1989ರಲ್ಲಿ ತೆರಿಗೆ ಕಟ್ಟುವುದಿಲ್ಲ ಅಂತ ಇಡೀ ಊರು ನಿಂತಾಗ ಸೇನೆ ಸುಮಾರು ಆರು ವಾರ ಊರನ್ನು ಮುತ್ತಿ, ಮನೆಗಳಿಂದ ಟಿವಿ, ಫ್ರಿಜ್ಜು, ಕಾರ್ಖಾನೆಗಳಿಂದ ಯಂತ್ರ ಹೊತ್ತೊಯ್ಯಿತು. ಹೀಗೆ ತೆರಿಗೆ ನಿಲ್ಲಿಸುತ್ತಿದ್ದಾಗಲೂ ಊರಿನ ಕೆಲವರು ಇಸ್ರೇಲಿಗರನ್ನು ಮನೆಗೆ ಕರೆದು ಮಾತಾಡುವುದನ್ನು ಬಿಡಲಿಲ್ಲ.

2018ರ ಮಾರ್ಚ್ 30ರಿಂದ ಗಾಜಾದ ಜನ ಇಸ್ರೇಲಿನ ಗಡಿಬೇಲಿಯ ಹತ್ತಿರ ಗುಡಾರ ಹಾಕಿ ಪ್ರತಿಭಟನೆಗೆ ಕೂತರು. ಎಲ್ಲರೂ ಸುಮ್ಮನೆ ಕೂತಿರಲಿಲ್ಲ ನಿಜ. ಕಲ್ಲು ಬಿದ್ದವು, ಬೆಂಕಿ ಹಚ್ಚಿದ ಗಾಳಿಪಟಗಳೂ ಹಾರಿದವು. ಹಮಾಸ್ ಅದರೊಳಗೆ ಕೈ ಹಾಕಿತ್ತು. ಆದರೆ ಸಾವಿರಾರು ಜನ ಬರಿಗೈಯಲ್ಲಿ ಬಂದವರು. ಮೇ 14ರ ಒಂದೇ ದಿನ ಸುಮಾರು 60 ಜನ ಇಸ್ರೇಲಿ ಸೈನಿಕರ ಗುಂಡಿಗೆ ಸತ್ತರು. ಜೂನ್ 1ರಂದು ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದ ರಜಾನ್ ಅಲ್ ನಜ್ಜಾರ್ ಅನ್ನುವ ಹುಡುಗಿಯೂ ಸತ್ತಳು. ಬರಿಗೈಯಲ್ಲಿ ಬಂದವರಿಗೆ ಹೀಗಾದರೆ ಬಂದೂಕು ಹಿಡಿದವನ ಮಾತಿಗೆ ಬೆಲೆ ಬರುತ್ತದೆ. ಅದು ಎರಡೂ ಕಡೆಯ ಜನರಿಗೆ ಆದ ನಷ್ಟ.

ಸದ್ದಿಲ್ಲದೆ ತೊಂದರೆ ಕೊಟ್ಟವರೂ ಇದ್ದಾರೆ. 1988ರ ಜನವರಿಯಲ್ಲಿ ಜೆರುಸಲೇಮಿನ ಕೆಲವು ಯೆಹೂದಿ ಹೆಂಗಸರು ಶುಕ್ರವಾರ ಮಧ್ಯಾಹ್ನ ಕಪ್ಪು ಬಟ್ಟೆ ತೊಟ್ಟು ಒಂದು ಸರ್ಕಲ್ಲಿನಲ್ಲಿ ನಿಲ್ಲಲು ಶುರು ಮಾಡಿದರು. ಕೈಯಲ್ಲಿ, ಪ್ಯಾಲೆಸ್ಟೀನಿಯರ ನೆಲ ಆಕ್ರಮಿಸಿಕೊಂಡಿರುವುದನ್ನು ನಿಲ್ಲಿಸಿ ಅನ್ನುವ ಫಲಕ. ಘೋಷಣೆ ಇಲ್ಲ. ಹೋಗಿ ಬರುವವರು ಬಾಯಿಗೆ ಬಂದಂತೆ ಬೈದರು. ಅವರು ವಾರ ವಾರವೂ ಬಂದು ನಿಂತರು. ಈ ಪದ್ಧತಿ ನಮ್ಮ ಬೆಂಗಳೂರಿಗೂ ಬಂತು. ವಿಮೋಚನಾ ಸಂಘಟನೆಯ ಹೆಂಗಸರು ವರದಕ್ಷಿಣೆ ಸಾವು, ಕೋಮುಗಲಭೆ, ಯುದ್ಧಗಳ ವಿರುದ್ಧ ಹೀಗೇ ಕಪ್ಪು ಉಟ್ಟು ಬೀದಿಯಲ್ಲಿ ನಿಂತಿದ್ದಾರೆ. 2025ರಲ್ಲಿ ಟೆಲ್ ಅವೀವ್‌ನಲ್ಲಿ ಗಾಜಾದಲ್ಲಿ ಸತ್ತ ಮಕ್ಕಳ ಫೋಟೋ ಹಿಡಿದು ಮೌನವಾಗಿ ನಿಂತ ಇಸ್ರೇಲಿಗರೂ ಅದೇ ದಾರಿಯವರು. ಫೋಟೋದ ಕೆಳಗೆ ಮಗುವಿನ ಹೆಸರು. ತಮ್ಮದೇ ಮಕ್ಕಳು ಸೈನ್ಯದಲ್ಲಿರುವ ಊರಿನಲ್ಲಿ ಹಾಗೆ ನಿಲ್ಲಲು ಎಂಥ ಧೈರ್ಯ ಬೇಕು!

ಇನ್ನು ನಿನ್ನ ಮಗಳ ವಿಷಯ. ಕಾಲೇಜಿನ ಪ್ರತಿಭಟನೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ, ಬಿಡಲಾ ಬೇಡವಾ ಅಂತ ಕೇಳಿದ್ದೀಯ. ವೀಸಾ, ಓದು, ಪೊಲೀಸ್ ಕೇಸು ಅಂತ ನಿನಗಿರುವ ಹೆದರಿಕೆ ಸಣ್ಣದಲ್ಲ. ಅದನ್ನು ಅವಳ ಹತ್ತಿರ ಬಿಚ್ಚಿ ಮಾತಾಡು, ಒಳ್ಳೆಯ ವಕೀಲರನ್ನೂ ಕೇಳು. ಆದರೆ ಇದು ನಮ್ಮ ಜಗಳವಲ್ಲ, ಸುಮ್ನಿರು ಅಂತ ಮಾತ್ರ ಹೇಳಬೇಡ. ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 2025ರ ಅಕ್ಟೋಬರ್ ಹೊತ್ತಿಗೇ 67,000ಕ್ಕೂ ಹೆಚ್ಚು ಜನ ಸತ್ತಿದ್ದರು. ಅದು ಅವಳ ನಿದ್ದೆ ಕೆಡಿಸಿದೆ ಅಂದರೆ ನೀವು ಅವಳನ್ನು ಚೆನ್ನಾಗಿ ಬೆಳೆಸಿದ್ದೀರಿ ಅಂತಲೇ ಅರ್ಥ.

ಅವಳಿಗೆ ವಿವಿಯನ್ ಸಿಲ್ವರ್ ಅವರ ಬಗ್ಗೆ ಹೇಳು. ಗಾಜಾದ ಗಡಿಗೆ ಅಂಟಿಕೊಂಡ ಬೇರಿ ಕಿಬುಟ್ಜ್‌ನಲ್ಲಿದ್ದ 74 ವರ್ಷದ ಹೆಂಗಸು. ಗಾಜಾದ ರೋಗಿಗಳನ್ನು ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು. ‘ವಿಮೆನ್ ವೇಜ್ ಪೀಸ್’ ಕಟ್ಟಿದವರಲ್ಲಿ ಒಬ್ಬರು. ಆ ಸಂಘಟನೆ 2023ರ ಅಕ್ಟೋಬರ್ 4ರಂದು ಪ್ಯಾಲೆಸ್ಟೀನಿ ಹೆಂಗಸರ ಜೊತೆ ಸೇರಿ ಶಾಂತಿಗಾಗಿ ದೊಡ್ಡ ಸಭೆ ನಡೆಸಿತ್ತು. ಮೂರು ದಿನದ ಮೇಲೆ, ಹಮಾಸ್ ಸುಮಾರು 1,200 ಜನರನ್ನು ಕೊಂದ ಆ ದಿನ, ಅವರೂ ಮನೆಯಲ್ಲೇ ಸತ್ತರು. ಅವರ ಮಗ ಯೊನಾತನ್ ಜೈಗೆನ್ ಸೇಡಿನ ಮಾತಾಡಲಿಲ್ಲ. ಅಮ್ಮನ ಕೆಲಸವನ್ನೇ ಕೈಗೆತ್ತಿಕೊಂಡರು. ಅಕ್ಟೋಬರ್ 7ನ್ನು ಹೊಗಳುವ ಘೋಷಣೆ ಎಲ್ಲಿ ಕೇಳಿದರೂ, ಯೆಹೂದಿ ಸಹಪಾಠಿಯನ್ನು ಗೇಟಿನಲ್ಲಿ ತಡೆಯುವುದು ಎಲ್ಲಿ ಕಂಡರೂ, ಅವಳು ಅಲ್ಲಿಂದ ಎದ್ದು ಬರಲಿ. ತನ್ನ ಯೂನಿವರ್ಸಿಟಿ ದುಡ್ಡು ಎಲ್ಲಿ ಹೂಡಿದೆ ಅಂತ ಕೇಳಿ ಆಡಳಿತದ ಬಾಗಿಲ ಮುಂದೆ ಕೂರುವುದಾದರೆ ಕೂರಲಿ. ಅಲ್ಲಿ ಕೂರುವುದಕ್ಕೆ ಅರ್ಥವಿದೆ.

‘ಪೇರೆಂಟ್ಸ್ ಸರ್ಕಲ್’ ಅನ್ನುವ ಗುಂಪಿನವರು ಆಗಾಗ ಅಮೆರಿಕಕ್ಕೆ ಬಂದು ಮಾತಾಡುತ್ತಾರೆ. ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಕುಟುಂಬಗಳು ಅದರಲ್ಲಿವೆ. ರಾಮಿ ಎಲ್ಹನಾನ್ ಅವರ ಮಗಳು ಸ್ಮದಾರ್ 1997ರಲ್ಲಿ ಜೆರುಸಲೇಮಿನ ಬಾಂಬ್ ದಾಳಿಯಲ್ಲಿ ಸತ್ತಳು. ಬಸ್ಸಾಮ್ ಅರಾಮಿನ್ ಅವರ 10 ವರ್ಷದ ಮಗಳು ಅಬೀರ್ 2007ರಲ್ಲಿ ಇಸ್ರೇಲಿ ಗಡಿ ಪೊಲೀಸರ ರಬ್ಬರ್ ಗುಂಡಿಗೆ ಸತ್ತಳು. ಈ ಇಬ್ಬರು ಅಪ್ಪಂದಿರು ವರ್ಷಗಳಿಂದ ಒಂದೇ ವೇದಿಕೆಯಲ್ಲಿ ಅಕ್ಕಪಕ್ಕ ಕೂರುತ್ತಾರೆ. ನಿಮ್ಮ ಕಡೆ ಅವರ ಸಭೆ ಇದ್ದರೆ ನೀನೂ ಮಗಳೂ ಒಟ್ಟಿಗೆ ಹೋಗಿ ಬನ್ನಿ. ಆಮೇಲೆ ನನಗೆ ಬರೆ. ಸೇತುವೆ ವಿಷಯದಲ್ಲಿ ನಮ್ಮ ಜಗಳ ಏನಿದ್ದರೂ ಊರಿಗೆ ಬಂದಾಗ ಮುಂದುವರಿಸೋಣ.

ಅತ್ತಿಗೆಗೆ ನಮಸ್ಕಾರ ಹೇಳು, ಮಗಳಿಗೆ ಪ್ರೀತಿ.

ನಿನ್ನ,
ಹಳೇ ಗೆಳೆಯ