ಸುಮ್ನೆ ಕೂತಿರು ಅಂದಿದ್ದೆಯಲ್ಲ

ಶಿರಸಿ

ಪ್ರೀತಿಯ ಕೂಸೇ,

ನೀನು ಬೆಂಗಳೂರಿನಿಂದ ಕಳಿಸಿದ ಮಂಡಿ ಬೆಲ್ಟ್ ಬಂದು ಎಷ್ಟೋ ದಿನವಾಯಿತು. ಅದರ ಹಿಂದೆಯೇ ಫೋನಿನಲ್ಲಿ ಅಪ್ಪಣೆಯೂ ಬಂದಿತ್ತು: "ಆಯಿ, ತೋಟಕ್ಕೆ ಇಳಿಯಬೇಡ, ಸುಮ್ನೆ ಕೂತಿರು." ಕೂತೆ. ಮಳೆಗಾಲ ಪೂರ್ತಿ ಜಗಲಿಯಲ್ಲೇ ಕೂತೆ. ಆಗಿದ್ದೇನು ಗೊತ್ತಾ? ದೀಪಾವಳಿ ಹೊತ್ತಿಗೆ ಬಚ್ಚಲಿನಿಂದ ಹೊರಗೆ ಬರಲಿಕ್ಕೂ ಗೋಡೆ ಹಿಡಿಯಬೇಕಾಯಿತು.

ಬೇಜಾರು ಮಾಡಿಕೊಳ್ಳಬೇಡ. ನೋಯುವ ಕಾಲಿಗೆ ಕೆಲಸ ಕೊಡಬಾರದು ಅಂತ ನಾನೂ ನಂಬಿದ್ದೆ. ಪೇಟೆಯಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ, ನಿನ್ನದೇ ವಯಸ್ಸು, ತೊಡೆ ಒತ್ತಿ ನೋಡಿ "ಅಮ್ಮಾ, ಮಂಡಿ ಸವೆದದ್ದು ಒಂದು ಕಡೆ ಇರಲಿ, ಇಲ್ಲಿ ಶಕ್ತಿಯೇ ಇಲ್ಲವಲ್ಲ" ಅಂದಳು. ತೊಡೆಯ ಸ್ನಾಯು ಸೊರಗಿದರೆ ಹೊರೆಯೆಲ್ಲ ಮಂಡಿಗೇ. ಮೂಳೆ ತುದಿಯಲ್ಲಿರುವ ಮೆತ್ತೆಗೆ ರಕ್ತನಾಳ ಇಲ್ಲವಂತೆ. ಕಾಲು ಮಡಚಿ ಬಿಡಿಸಿದಾಗ ಕೀಲಿನೊಳಗಿನ ಅಂಟು ನೀರೇ ಅದಕ್ಕೆ ಊಟ ಮುಟ್ಟಿಸಬೇಕು. ನಾನು ಕೂತಲ್ಲೇ ಕೂತು ಅದನ್ನು ಉಪವಾಸ ಕೆಡವಿದ್ದೆ!

ಈಗ ಬೆಳಿಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ, ಮಂಡಿ ಅಡಿಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತುತ್ತೇನೆ. 5 ಎಣಿಸಿ ಬಿಡುವುದು. ಹೀಗೆ 10 ಸಲ. ಮೊದಲ ದಿನ ನಾಲ್ಕನೆಯ ಸಲಕ್ಕೇ ತೊಡೆ ಗಡಗಡ ನಡುಗಿತು. ನಿನ್ನಪ್ಪ ನೋಡಿ "ಚಳಿಜ್ವರವಾ?" ಅಂದರು. ಆಮೇಲೆ ಜಗಲಿ ಕಟ್ಟೆಯಿಂದ ಕೈ ಊರದೆ ಏಳುವುದು, ಕೂರುವುದು. ಏಳುವುದಕ್ಕಿಂತ ಕೂರುವುದೇ ಕಷ್ಟ, ಧೊಪ್ಪನೆ ಬೀಳಬಾರದು ನೋಡು. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎಂಟು ಸಲ ಮುಗಿಯುತ್ತದೆ. ಸಂಜೆ ಅರ್ಧ ಗಂಟೆ ಟಾರು ರಸ್ತೆಯಲ್ಲಿ ನಡಿಗೆ.

ಸ್ವಲ್ಪ ನೋವಾದರೆ ಹೆದರುವುದಿಲ್ಲ. ಮರುದಿನ ಬೆಳಿಗ್ಗೆಗೆ ಇಳಿದಿರಬೇಕು, ಇಲ್ಲವಾದರೆ ಅವತ್ತು ಎಣಿಕೆ ಕಡಿಮೆ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ಮಾತ್ರ ಸೀದಾ ಡಾಕ್ಟರ ಹತ್ತಿರ. ತೂಕ 1 ಕೆಜಿ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಹೊರೆ ಸುಮಾರು 4 ಕೆಜಿ ಇಳಿಯುತ್ತದಂತೆ. ಹಾಗಾಗಿ ಬರುವಾಗ ಸ್ವೀಟು ತರಬೇಡ. ಇಲ್ಲಿಯ ಸಿಹಿತಿಂಡಿ ತೊಡೆದೇವು ಲೆಕ್ಕಕ್ಕಿಲ್ಲ.

ಎರಡು ತಿಂಗಳಾಯಿತು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಅದು ನನಗೂ ಗೊತ್ತು. ಚಳಿಗೆ ಬೆಳಿಗ್ಗೆ ಮಂಡಿ ಈಗಲೂ ಹಿಡಿಯುತ್ತದೆ. ಆದರೆ ಗೋಡೆ ಬಿಟ್ಟಿದ್ದೇನೆ. ಅಡಿಕೆ ಸುಲಿಯಲೂ ಕೂರುತ್ತೇನೆ, ನೆಲದ ಮೇಲಲ್ಲ, ಎತ್ತರದ ಬೆಂಚಿನ ಮೇಲೆ. ಸುಲಿಯಲು ಬರುವ ಹೆಂಗಸರು "ಅಮ್ಮನ ಸಿಂಹಾಸನ" ಅಂತ ನಗುತ್ತಾರೆ. ನಗಲಿ ಬಿಡು.

ಒಂದು ವಿಷಯ ಹೇಳಿಯೇ ಬಿಡುತ್ತೇನೆ, ಬೈಯಬೇಡ. ನಿನ್ನೆ ತೋಟಕ್ಕೆ ಇಳಿದೆ. ಇಳಿಯುವಾಗ ನೋಯುವ ಕಾಲು ಮುಂದೆ, ಹತ್ತುವಾಗ ಗಟ್ಟಿ ಕಾಲು ಮುಂದೆ, ಆ ಹುಡುಗಿ ಹೇಳಿಕೊಟ್ಟ ಹಾಗೆಯೇ. ಕೈಯಲ್ಲಿ ದೊಣ್ಣೆ ಇತ್ತು. ನೀನು ನೆಟ್ಟ ಏಲಕ್ಕಿ ಗಿಡ ಚೆನ್ನಾಗಿದೆ.

ಬೆಲ್ಟನ್ನು ನಿನ್ನಪ್ಪ ಕಟ್ಟಿಕೊಂಡು ಓಡಾಡುತ್ತಿದ್ದಾರೆ.

ಇಂತಿ ನಿನ್ನ
ಆಯಿ