ಪ್ರಚಾರದ ಹಣ ವಾಪಸ್ ಕೊಡುವ ಬಗ್ಗೆ ದೂರು

ಇಂದ:
ಮಾಲೀಕರು, ಕೈಮಗ್ಗ ಸೀರೆ ಅಂಗಡಿ,
ಇಳಕಲ್, ಬಾಗಲಕೋಟೆ ಜಿಲ್ಲೆ

ಗೆ:
ವ್ಯವಸ್ಥಾಪಕರು, ಪಿಆರ್ (ಸಾರ್ವಜನಿಕ ಸಂಪರ್ಕ) ಮತ್ತು ಪ್ರಚಾರ ಸಂಸ್ಥೆ,
ಬೆಂಗಳೂರು

ವಿಷಯ: ಒಪ್ಪಿದ ಕೆಲಸ ಮಾಡದಿರುವುದು, ನಮ್ಮ ಸೀರೆಯ ಬಗ್ಗೆ ತಪ್ಪು ಮಾಹಿತಿ ಹಂಚಿರುವುದು

ಮಾನ್ಯರೇ,

ನಿಮ್ಮ ಮೂರನೇ ಬಿಲ್ ಬಂದಿದೆ. ತಿಂಗಳಿಗೆ 25,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಜುಲೈ, ಆಗಸ್ಟ್ ಬಿಲ್‌ಗಳನ್ನು ಕಟ್ಟಿದ್ದೇನೆ. ಇದನ್ನು ಕಟ್ಟುವುದಿಲ್ಲ. ಫೋನ್ ಮಾಡಿದಾಗಲೆಲ್ಲ "ಟೀಮ್ ಜೊತೆ ಮಾತಾಡಿ ಹೇಳ್ತೀವಿ ಮೇಡಂ" ಅನ್ನುತ್ತೀರಿ. ಅದಕ್ಕೇ ಬರವಣಿಗೆಯಲ್ಲಿ ಕೊಡುತ್ತಿದ್ದೇನೆ.

ನಾವು ಕೇಳಿದ್ದು ದೊಡ್ಡದೇನಲ್ಲ. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 1905ರ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಆಚರಿಸುತ್ತಾರೆ. ಆ ವಾರ ಪತ್ರಿಕೆಯವರೇ ನೇಕಾರರ ಸುದ್ದಿ ಹುಡುಕುತ್ತಿರುತ್ತಾರೆ. ಅದಕ್ಕೆ ಮೊದಲೇ ಕನ್ನಡದಲ್ಲಿ ಒಂದು ಪ್ರೆಸ್ ನೋಟ್, ಮರಾಠಿಯಲ್ಲಿ ಒಂದು ತಯಾರಾಗಬೇಕು, ಬಾಗಲಕೋಟೆ ಮತ್ತು ಹುಬ್ಬಳ್ಳಿ ಕಡೆಯ ವರದಿಗಾರರಿಗೆ ಫೋನ್ ಮಾಡಿ ಮಗ್ಗದ ಹತ್ತಿರ ಕರೆಸಬೇಕು ಅಂತ ಹೇಳಿದ್ದೆವು. ಮರಾಠಿ ಯಾಕೆ ಅಂದರೆ ನಮ್ಮ ಗಿರಾಕಿಗಳಲ್ಲಿ ಸೊಲ್ಲಾಪುರ, ಕೊಲ್ಹಾಪುರದವರು ಜಾಸ್ತಿ. ಇದೆಲ್ಲ ಕರಾರಿನಲ್ಲೇ ಇದೆ, ನಿಮ್ಮ ಸಹಿಯೂ ಇದೆ.

ನೀವು ನೋಟ್ ಕಳಿಸಿದ್ದು ಆಗಸ್ಟ್ 7ರ ರಾತ್ರಿ 8.40ಕ್ಕೆ. ಮರುದಿನದ ಪತ್ರಿಕೆಯಲ್ಲಿ ಕೈಮಗ್ಗ ದಿನದ ಸುದ್ದಿಗೆ ಜಾಗ ಎಲ್ಲಿಂದ ಬರಬೇಕು? ಅದೂ ಬರೀ ಇಂಗ್ಲಿಷ್‌ನಲ್ಲಿ. ಒಂದೇ ಮೇಲ್‌ನಲ್ಲಿ ಎಲ್ಲರ ವಿಳಾಸ ಸಾಲಾಗಿ ಹಾಕಿದ್ದೀರಿ, ಯಾರಿಗೆ ಬೇಕಾದರೂ ಕಾಣುವ ಹಾಗೆ. ನನಗೂ ಒಂದು ಪ್ರತಿ ಬಂತು, ಕೂತು ಓದಿದೆ. ಕ್ರೀಡಾ ವಿಭಾಗ ಇದೆ, ಸಿನಿಮಾ ವಿಭಾಗ ಇದೆ, ಕಾರು ಬೈಕು ಬಗ್ಗೆ ಬರೆಯುವವರೂ ಇದ್ದಾರೆ. ಬಾಗಲಕೋಟೆಯ ಒಬ್ಬ ವರದಿಗಾರರೂ ಇಲ್ಲ. ಆಮೇಲೆ ಇಲ್ಲಿನ ಒಬ್ಬ ವರದಿಗಾರರು ಸಿಕ್ಕಾಗ ಕೇಳಿದೆ. "ಮಗ್ಗ ನಡೀತಿರುವಾಗ ಒಂದು ಫೋನ್ ಮಾಡಿದ್ರೆ ಬರ್ತಿದ್ದೆ ಅಕ್ಕಾ" ಅಂದರು. ಒಂದು ಫೋನ್‌ನ ಕೆಲಸ ಅದು.

ಇನ್ನು ಆ ನೋಟ್‌ನಲ್ಲಿ ಬರೆದದ್ದು. ತಡವಾಗಿದ್ದನ್ನಾದರೂ ಸಹಿಸಬಹುದಿತ್ತು, ಇದನ್ನು ಆಗುವುದಿಲ್ಲ.

ಇಳಕಲ್ ಅನ್ನು ವಿಜಯಪುರ ಜಿಲ್ಲೆಗೆ ಸೇರಿಸಿದ್ದೀರಿ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಜೊತೆಗಿಟ್ಟ ಫೋಟೋದಲ್ಲಿ ಇರುವುದು ಕಾಂಚೀಪುರಂ ಸೀರೆ. ನಾವು ಕಳಿಸಿದ ಫೋಟೋಗಳನ್ನು ನೀವು ತೆರೆದೂ ನೋಡಿಲ್ಲ ಅಂತ ಕಾಣುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು "ಪರಿಶುದ್ಧ ರೇಷ್ಮೆ ಸೀರೆ, ಎಷ್ಟು ಬೇಕಾದರೂ 48 ಗಂಟೆಯಲ್ಲಿ ಮನೆ ಬಾಗಿಲಿಗೆ" ಅನ್ನುವ ಸಾಲು.

ನಾವು ಮಾರುವ ಸೀರೆಗಳ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಕಡಿಮೆ ಬೆಲೆಯವುಗಳಲ್ಲಿ ಸೆರಗು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಅದನ್ನು ಬೋರ್ಡಿನಲ್ಲೇ ಬರೆದಿದ್ದೇವೆ, ನಿಮಗೂ ಬರೆದು ಕೊಟ್ಟಿದ್ದೆವು. 48 ಗಂಟೆಯ ಮಾತಂತೂ ನೇಕಾರರ ಮನೆಯಲ್ಲಿ ಹೇಳಿದರೆ ನಗುತ್ತಾರೆ. ಇಳಕಲ್ ಸೀರೆಗೆ ಒಡಲಿನ ಹಾಸು (ಮಗ್ಗದ ಮೇಲಿನ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ನಮ್ಮತ್ತೆ ಈಗಲೂ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಎಳೆಯನ್ನು ಬೆರಳಲ್ಲಿ ಹೊಸೆದು ಹೊಸೆದು ಕೊಂಡಿ ಹಾಕುತ್ತಾರೆ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತದೆ. ಸೆರಗಿನ ತೋಪು ತೆನೆ ವಿನ್ಯಾಸ ಎದ್ದು ಕಾಣುವುದು ಆಮೇಲೆ. ವರದಿಗಾರರನ್ನು ಕರೆಸಿ ಅಂದಿದ್ದು ಇದನ್ನು ತೋರಿಸಲಿಕ್ಕೇ. ಇದನ್ನು ಬಿಟ್ಟು ಕೊರಿಯರ್ ಕಂಪನಿಯ ಜಾಹೀರಾತಿನ ಹಾಗೆ ಬರೆದರೆ ಹೇಗೆ?

ಇದರ ಫಲ ನಾನು ಉಣ್ಣುತ್ತಿದ್ದೇನೆ. ಸೊಲ್ಲಾಪುರದ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿ, ಇಷ್ಟು ವರ್ಷ ಹತ್ತಿ ಅಂತ ಹೇಳಿ ಕೊಟ್ಟಿರಿ, ಈಗ ಪೂರಾ ರೇಷ್ಮೆ ಅಂತ ಹಾಕಿದ್ದೀರಿ, ಯಾವುದು ನಿಜ ಅಂತ ಕೇಳಿದರು. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ನೋಟ್ ಬರೆದವರು ನೀವು, ಅದರ ಮೇಲೆ ಹೆಸರು ನಮ್ಮ ಅಂಗಡಿಯದು. ಇನ್‌ಸ್ಟಾಗ್ರಾಂನಲ್ಲಿ ರೀಲ್ ಮಾಡಿದ ಹುಡುಗಿಗೆ ನಮ್ಮ ಸೀರೆ ಪುಕ್ಕಟೆ ಕೊಡಿಸಿದಿರಿ. ಅದು ಜಾಹೀರಾತು ಅಂತ ಎಲ್ಲೂ ಹಾಕಿಸಲಿಲ್ಲ. ದಾರಿತಪ್ಪಿಸುವ ಜಾಹೀರಾತು ತಡೆಯಲು ಬಂದ 2022ರ ಮಾರ್ಗಸೂಚಿಯ ಪ್ರಕಾರ ಹಾಕಲೇಬೇಕು. ಇದು ನಿಮ್ಮ ದಿನದ ಕಸುಬು, ನಿಮಗೇ ಗೊತ್ತಿರಬೇಕಲ್ವಾ?

ಇಷ್ಟಾದ ಮೇಲೂ ತಿಂಗಳ ವರದಿ ಮಾತ್ರ ಚಂದ ಇದೆ. ಬಣ್ಣಬಣ್ಣದ ಚಾರ್ಟ್. 60ಕ್ಕೂ ಜಾಸ್ತಿ ವೆಬ್‌ಸೈಟ್‌ಗಳಲ್ಲಿ ಸುದ್ದಿ, 4 ಕೋಟಿ ಓದುಗರು, 11 ಲಕ್ಷ ರೂಪಾಯಿ ಜಾಹೀರಾತು ಮೌಲ್ಯ, ಅಂದರೆ ಅಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಆಗುತ್ತಿದ್ದ ಖರ್ಚು. ಲಿಂಕ್‌ಗಳನ್ನು ಒತ್ತಿ ನೋಡಿದೆ. ಎಲ್ಲ ಕಡೆ ಅದೇ ನೋಟ್, ಅಕ್ಷರ ಬದಲಾಗಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, ಇದು ಹಣ ಪಡೆದು ಹಾಕಿದ್ದು, ಸಂಪಾದಕರಿಗೂ ಇದಕ್ಕೂ ಸಂಬಂಧವಿಲ್ಲ ಅಂತಿದೆ. ಆ 4 ಕೋಟಿ ಆಯಾ ವೆಬ್‌ಸೈಟ್‌ಗಳಿಗೆ ತಿಂಗಳಿಡೀ ಬರುವವರ ಒಟ್ಟು ಲೆಕ್ಕ. ನಮ್ಮ ಪುಟ ತೆರೆದವರೆಷ್ಟು ಅಂತ ಕೇಳಿದರೆ ಉತ್ತರ ಇಲ್ಲ. ಜಾಹೀರಾತು ಮೌಲ್ಯ ಅನ್ನುವ ಲೆಕ್ಕವನ್ನು ನಿಮ್ಮ ಉದ್ಯಮದವರೇ 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿ ತಳ್ಳಿಹಾಕಿದ್ದಾರೆ. ಪಿಆರ್ ಓದುತ್ತಿರುವ ನಮ್ಮ ಮೈದುನನ ಮಗಳು ಹೇಳಿದ ಮೇಲೆ ನನಗೆ ಗೊತ್ತಾಯಿತು. ಅದನ್ನೇ ತಂದು ನಮ್ಮ ಮುಂದೆ ಇಡುತ್ತೀರಿ. ಊರ ಅಂಗಡಿಯವರಿಗೆ ಏನು ತಿಳಿಯುತ್ತೆ ಅಂದುಕೊಂಡಿರಾ?

ಸುದ್ದಿ ಹಾಕುವುದು ಬಿಡುವುದು ಸಂಪಾದಕರಿಗೆ ಬಿಟ್ಟಿದ್ದು ಅಂತ ನನಗೂ ಗೊತ್ತು. ಒಂದೇ ಒಂದು ಪತ್ರಿಕೆಯಲ್ಲಿ ಬರದಿದ್ದರೂ ಜಗಳ ಆಡುತ್ತಿರಲಿಲ್ಲ. ಸರಿಯಾದ ನೋಟ್, ಸರಿಯಾದ ಹೊತ್ತಿಗೆ, ಸರಿಯಾದವರಿಗೆ ಹೋಗಬೇಕಿತ್ತು. ನಾವು ದುಡ್ಡು ಕೊಟ್ಟಿದ್ದು ಅದಕ್ಕೆ.

ಈಗ ಆಗಬೇಕಾದ್ದು ಇಷ್ಟು. ಕಟ್ಟಿರುವ 59,000 ರೂಪಾಯಿ ವಾಪಸ್ ಬರಬೇಕು, ಮೂರನೇ ಬಿಲ್ ರದ್ದಾಗಬೇಕು. ತಪ್ಪು ನೋಟ್ ಹೋದ ಎಲ್ಲ ವಿಳಾಸಗಳಿಗೂ ತಿದ್ದುಪಡಿ ಹೋಗಬೇಕು. ಕಳಿಸುವ ಮೊದಲು ನನಗೆ ತೋರಿಸಿ, ಈ ಸಲ ನಾನು ಓದದೆ ಏನೂ ಹೋಗಬಾರದು. ವೆಬ್‌ಸೈಟ್‌ಗಳಲ್ಲಿರುವ "ಪರಿಶುದ್ಧ ರೇಷ್ಮೆ" ಪುಟಗಳನ್ನು ತೆಗೆಸಿ, ರೀಲ್‌ಗೆ ಜಾಹೀರಾತು ಅಂತ ಹಾಕಿಸಿ. ನಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳ ಪಾಸ್‌ವರ್ಡ್ ಇನ್ನೂ ನಿಮ್ಮ ಹತ್ತಿರವೇ ಇದೆ. ಅದನ್ನು ಮಾತ್ರ ಇವತ್ತೇ ಕೊಡಿ.

ಉಳಿದದ್ದಕ್ಕೆ ಪತ್ರ ತಲುಪಿದ 15 ದಿನ ಸಮಯ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ. ವ್ಯಾಪಾರಿಗಳಿಗೆ ಗ್ರಾಹಕ ಕಾಯ್ದೆ ಬರಲ್ಲ ಅಂತ ನಿಮ್ಮ ಹುಡುಗ ಫೋನಲ್ಲಿ ಹೇಳಿದ. ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರನ್ನು ಕಾಯ್ದೆ ಹೊರಗಿಟ್ಟಿಲ್ಲ. ದೂರುದಾರರು ಇರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಬೆಂಗಳೂರಿಂದ ಓಡಾಡಬೇಕಾದವರು ನೀವು.

ಕರಾರು, ಎರಡು ರಸೀದಿ, ನಿಮ್ಮ ಪ್ರೆಸ್ ನೋಟ್ ಮತ್ತು ಆ ರಾತ್ರಿಯ ಮೇಲ್‌ನ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ಮಾಲೀಕರು
ಕೈಮಗ್ಗ ಸೀರೆ ಅಂಗಡಿ, ಇಳಕಲ್