‘ಗೊತ್ತಿದ್ದದ್ದೇ’ ಎನ್ನುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ಸಮಾಜ ವಿಜ್ಞಾನದ ಸಂಶೋಧನೆಗೆ ಹಣ ಕೊಡುವುದು ದಂಡ, ಎಲ್ಲರಿಗೂ ಗೊತ್ತಿದ್ದದ್ದನ್ನೇ ಅವರು ಅಂಕಿಅಂಶ ಸೇರಿಸಿ ಹೇಳುತ್ತಾರೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎಲ್ಲರಿಗೂ ಗೊತ್ತಿದ್ದದ್ದು ಎಷ್ಟೋ ಸಲ ತಪ್ಪಾಗಿರುತ್ತದೆ. ಆ ತಪ್ಪಿನ ಮೇಲೆ ಕೋಟಿಗಟ್ಟಲೆ ಹಣದ ಯೋಜನೆಗಳು ನಿಲ್ಲುತ್ತವೆ.

‘ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲ, ಕಾಸು ಕೊಟ್ಟರೆ ಮಾತ್ರ ಬಳಸುತ್ತಾರೆ’ ಎಂಬುದನ್ನು ಒಪ್ಪದವರು ಕಡಿಮೆ. ಕೆನ್ಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಜೆಸ್ಸಿಕಾ ಕೊಹೆನ್ ಮತ್ತು ಪ್ಯಾಸ್ಕಲಿನ್ ದ್ಯುಪಾ ಇದನ್ನೇ ಪರೀಕ್ಷೆಗೆ ಒಡ್ಡಿದರು. ಗರ್ಭಿಣಿಯರ ತಪಾಸಣೆಯ ಕ್ಲಿನಿಕ್‌ಗಳಲ್ಲಿ ಕೀಟನಾಶಕ ಲೇಪಿಸಿದ ಸೊಳ್ಳೆ ಪರದೆಗೆ ಬೇರೆ ಬೇರೆ ಬೆಲೆ ಇಟ್ಟರು. ಯಾವ ಕ್ಲಿನಿಕ್‌ಗೆ ಯಾವ ಬೆಲೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. 2010ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಬೆಲೆ ಸೊನ್ನೆಯಿಂದ 60 ಅಮೆರಿಕನ್ ಸೆಂಟ್‌ಗೆ ಏರಿದಾಗ ಪರದೆ ಒಯ್ಯುವವರು ನೂರಕ್ಕೆ 60ರಷ್ಟು ಮಂದಿ ಕಡಿಮೆಯಾದರು. ಕಾಸು ಕೊಟ್ಟು ಕೊಂಡವರು ಪುಕ್ಕಟೆ ಪಡೆದವರಿಗಿಂತ ಹೆಚ್ಚಾಗಿ ಬಳಸಲೂ ಇಲ್ಲ. ದಾರಿ ತಪ್ಪುವ ಹುಡುಗರಿಗೆ ಜೈಲು ತೋರಿಸಿ ಹೆದರಿಸಿದರೆ ಸರಿಹೋಗುತ್ತಾರೆ ಎಂಬ ನಂಬಿಕೆಯದೂ ಇದೇ ಕಥೆ. ಅಮೆರಿಕದಲ್ಲಿ ನಡೆದ ಒಂಬತ್ತು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಜೈಲು ನೋಡಿ ಬಂದವರೇ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಒಳ್ಳೆಯ ಉದ್ದೇಶದ ಕಾರ್ಯಕ್ರಮವೂ ಹಾನಿ ಮಾಡಬಲ್ಲದು. ಅಳೆದು ನೋಡದಿದ್ದರೆ ಆ ಹಾನಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾಗಿ ಅಳೆಯುವುದು ಮಾತ್ರ ಸುಲಭವಲ್ಲ. ಖರ್ಚು ಕಡಿತ ಎಂದಾಗ ಮೊದಲು ಕತ್ತರಿ ಬೀಳುವುದು ಕ್ಷೇತ್ರಕಾರ್ಯಕ್ಕೆ. ಸಮೀಕ್ಷೆ ಕೆಡುವುದೂ ಅಲ್ಲಿಂದಲೇ. ಗಣತಿದಾರ ಹಗಲು ಹನ್ನೊಂದಕ್ಕೆ ಒಮ್ಮೆ ಬಾಗಿಲು ತಟ್ಟಿ, ಬೀಗ ಕಂಡು, ಪಕ್ಕದ ಮನೆಯಲ್ಲಿ ಫಾರಂ ತುಂಬಿಸಿಕೊಂಡು ಹೋದರೆ ದುಡಿಯಲು ಹೋದವರೆಲ್ಲ ಲೆಕ್ಕದಿಂದ ಹೊರಗುಳಿಯುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಕನಿಷ್ಠ ಮೂರು ಸಲ ಅದೇ ಮನೆಗೆ ಹೋಗಬೇಕು. ಹತ್ತರಲ್ಲಿ ಒಂದು ಮನೆಗಾದರೂ ಬೇರೊಬ್ಬರು ಹೋಗಿ ಕೆಲವು ಪ್ರಶ್ನೆಗಳನ್ನು ಮತ್ತೆ ಕೇಳಿ ತಾಳೆ ನೋಡಬೇಕು. ಪ್ರಶ್ನಾವಳಿಯನ್ನು ಅನುವಾದಿಸಿದರೆ ಸಾಲದು, ಮೂಲ ನೋಡದವರಿಂದ ಅದನ್ನು ಮೂಲ ಭಾಷೆಗೆ ವಾಪಸ್ ಅನುವಾದಿಸಿ ಹೋಲಿಸಬೇಕು. ‘ರಸ್ತೆ ಮತ್ತು ನೀರಿನ ವ್ಯವಸ್ಥೆ ತೃಪ್ತಿಕರವೇ?’ ಎಂಬಂಥ ಜೋಡಿ ಪ್ರಶ್ನೆ ಇಪ್ಪತ್ತು–ಮೂವತ್ತು ಜನರ ಪ್ರಾಯೋಗಿಕ ಸಮೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ರಸ್ತೆ ಚೆನ್ನಾಗಿದ್ದು ನೀರು ಬಾರದವರು ಏನೆಂದು ಉತ್ತರಿಸಬೇಕು?

ಮಾದರಿಯ ಗಾತ್ರದ ಬಗೆಗೂ ತಪ್ಪು ತಿಳಿವಳಿಕೆ ಇದೆ. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿದ ಸುಮಾರು 1,070 ಮಂದಿಯಿಂದ ಶೇ 3ರಷ್ಟು ಆಚೀಚೆಯ ಅಂದಾಜು ಸಿಗುತ್ತದೆ. ಆ ವ್ಯತ್ಯಾಸವನ್ನು ಅರ್ಧಕ್ಕೆ ಇಳಿಸಲು ನಾಲ್ಕು ಪಟ್ಟು ಜನ ಬೇಕು. ಪ್ರಯಾಣ ಉಳಿಸಲು 50 ಊರುಗಳಲ್ಲಿ ತಲಾ 20 ಮನೆಯಂತೆ ಸಾವಿರ ಮನೆ ಹಿಡಿದರೆ ಇನ್ನೊಂದು ತೊಡಕು. ಒಂದೇ ಊರಿನವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಸೊನ್ನೆ ಎಂದರೆ ಹೋಲಿಕೆಯೇ ಇಲ್ಲ, ಒಂದು ಎಂದರೆ ಎಲ್ಲರದೂ ಒಂದೇ ಉತ್ತರ ಎಂದಿಟ್ಟುಕೊಂಡರೆ, ಆ ಹೋಲಿಕೆಯ ಅಳತೆ 0.05ರಷ್ಟು ಸಣ್ಣದಿದ್ದರೂ ಸಾವಿರ ಮನೆಯ ಮಾಹಿತಿ ಸುಮಾರು 510 ಮನೆಯ ಮಾಹಿತಿಗೆ ಸಮ. ಇನ್ನು ಆಯ್ಕೆಯೇ ಓರೆಯಾಗಿದ್ದರೆ ಲಕ್ಷಗಟ್ಟಲೆ ಉತ್ತರ ಬಂದರೂ ಪ್ರಯೋಜನವಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಲ್ಲಿನ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರ ಸಂಗ್ರಹಿಸಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಭಾರಿ ಅಂತರದಿಂದ ಗೆದ್ದವರು ರೂಸ್‌ವೆಲ್ಟ್.

ನಮ್ಮ ದೇಶದ್ದೇ ಪಾಠ ಬೇಕೆಂದರೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 1999–2000ರ 55ನೇ ಸುತ್ತನ್ನು ನೋಡಬಹುದು. ಆಹಾರದ ಖರ್ಚನ್ನು ಹಿಂದೆ 30 ದಿನಗಳ ನೆನಪಿನಿಂದ ಕೇಳುತ್ತಿದ್ದರು. ಆ ಸುತ್ತಿನಲ್ಲಿ ಅದೇ ಮನೆಯಲ್ಲಿ 7 ದಿನದ್ದನ್ನೂ 30 ದಿನದ್ದನ್ನೂ ಅಕ್ಕಪಕ್ಕ ಕೇಳಿದರು. ಒಂದು ಉತ್ತರ ಇನ್ನೊಂದನ್ನು ಎಳೆಯಿತು. ಮನೆಯ ಖರ್ಚಿನ ಮೇಲೆ ನಿಂತ ಅಧಿಕೃತ ಲೆಕ್ಕ, ಬಡತನ 1993–94ರ ಶೇ 36ರಿಂದ ಶೇ 26ಕ್ಕೆ ಇಳಿಯಿತು ಎಂದಿತು. ಆ ಎರಡು ಅಂಕಿಗಳನ್ನು ಹೋಲಿಸಬಹುದೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಪ್ರಶ್ನಾವಳಿಯ ಒಂದು ಕಾಲಂ ಅಷ್ಟು ದೊಡ್ಡ ಗೊಂದಲ ಹುಟ್ಟಿಸಿತು.

ಎಲ್ಲವೂ ಸಂಖ್ಯೆಯಲ್ಲಿ ಸಿಗುತ್ತದೆ ಎಂದೂ ಅಲ್ಲ. 2014ರ ಎಬೋಲಾ ಹಾವಳಿಯಲ್ಲಿ ಪಶ್ಚಿಮ ಆಫ್ರಿಕಾದ ಜನ ಶವಗಳನ್ನು ಏಕೆ ಒಪ್ಪಿಸುತ್ತಿಲ್ಲ ಎಂಬುದನ್ನು ಮನೆಯವರ ಜೊತೆ ಕೂತು ಕೇಳಿ ತಿಳಿದವರಲ್ಲಿ ಮಾನವಶಾಸ್ತ್ರಜ್ಞರು ಮುಖ್ಯರು. ಸೋಂಕು ಹರಡದಂತೆ, ಆದರೆ ಪ್ರಾರ್ಥನೆಗೂ ಕುಟುಂಬದವರ ಮಾತಿಗೂ ಜಾಗ ಇರುವಂತೆ ಶವಸಂಸ್ಕಾರದ ಕ್ರಮ ಬದಲಾಯಿತು.

ಸರ್ಕಾರಗಳು ಮಾಡಬಹುದಾದ ಒಂದು ಕೆಲಸಕ್ಕೆ ಹೆಚ್ಚು ಹಣವೂ ಬೇಡ. ಹೊಸ ಯೋಜನೆಗೆ ಮೊದಲ ವರ್ಷ ಎಲ್ಲ ಊರಿಗೂ ಸಾಲುವಷ್ಟು ಅನುದಾನ ಹೇಗೂ ಇರುವುದಿಲ್ಲ. ಯಾವ ಊರು ಮೊದಲು ಎಂಬುದನ್ನು ಶಿಫಾರಸಿನ ಬದಲು ಚೀಟಿ ಎತ್ತಿ ಗೊತ್ತುಮಾಡಿ, ಶುರುವಿಗೆ ಮುಂಚೆಯೇ ಎರಡೂ ಗುಂಪಿನ ಊರುಗಳಲ್ಲಿ ಸಮೀಕ್ಷೆ ಮುಗಿಸಬೇಕು. ಮೆಕ್ಸಿಕೊ 1997ರಲ್ಲಿ ಆರಂಭಿಸಿದ ‘ಪ್ರೊಗ್ರೆಸಾ’ ನಗದು ನೆರವಿನ ಮೌಲ್ಯಮಾಪನ ಹೀಗೇ ನಡೆಯಿತು. 506 ಗ್ರಾಮಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಆಮೇಲೆ. ಮಕ್ಕಳ ಶಾಲಾ ದಾಖಲಾತಿ ಏರಿದ್ದು ಹೋಲಿಕೆಯಿಂದಲೇ ಗೊತ್ತಾಯಿತು. 2000ದಲ್ಲಿ ಅಧಿಕಾರ ಬೇರೆ ಪಕ್ಷದ ಕೈಗೆ ಹೋದರೂ ಯೋಜನೆ ನಿಲ್ಲಲಿಲ್ಲ, ಹೆಸರು ಬದಲಿಸಿಕೊಂಡು ವಿಸ್ತರಿಸಿತು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಯಾವುದೇ ಸಮೀಕ್ಷೆಯ ಸುದ್ದಿ ಹಾಕುವಾಗ ಎಷ್ಟು ಜನರನ್ನು ಕೇಳಿದರು, ಹೇಗೆ ಆರಿಸಿದರು, ಎಷ್ಟು ಮಂದಿ ಉತ್ತರಿಸಲಿಲ್ಲ, ಹಣ ಯಾರದು, ಕೇಳಿದ ಪ್ರಶ್ನೆಯ ಮಾತುಗಳೇನು ಎಂಬುದನ್ನು ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಕೊಡಿ. ಈ ವಿವರ ಕೊಡಲು ಒಪ್ಪದ ಸಂಸ್ಥೆಯ ಅಂಕಿಗಳನ್ನು ಶೀರ್ಷಿಕೆಗೆ ಏರಿಸಬೇಡಿ.

– ಸಾಮಾಜಿಕ ಸಮೀಕ್ಷೆಯ ಕೆಲಸದಲ್ಲಿರುವ ಓದುಗರು